ಹಿಮ್ಮಡಿಯ ಗೂಟ

ಕಾಗದದ ಮೇಲೆ ಬರೆದ ಸುಳ್ಳನ್ನು ಗೆದ್ದಲು ತಿನ್ನುತ್ತದೆ. ಕಲ್ಲಿನ ಮೇಲೆ ಕೆತ್ತಿದ ಸುಳ್ಳನ್ನು ತಿನ್ನುವ ಹುಳು ಇನ್ನೂ ಹುಟ್ಟಿಲ್ಲ. ಆದುದರಿಂದಲೇ, ನಮ್ಮ ಪುರಸಭೆಯ ಅಧ್ಯಕ್ಷ ಧರಣಪ್ಪ ಕಳೆದ ತಿಂಗಳು ಒಂದು ಬೆಳಿಗ್ಗೆ ನನ್ನ ಜಗಲಿಗೆ ಬಂದು ಶಿಲಾಫಲಕದ ಕರಡನ್ನು ಕೈಗಿತ್ತಾಗ, ಎಂಬತ್ತೊಂದು ವರ್ಷದ ಈ ದೇಹದಲ್ಲಿ ಇನ್ನೂ ಇಷ್ಟು ಸಿಟ್ಟು ಉಳಿದಿದೆಯೆ ಎಂದು ನನಗೇ ಆಶ್ಚರ್ಯವಾಯಿತು.

“ಓದಿ ಐತಾಳರೇ, ನಿಮಗೆ ಖುಷಿಯಾಗ್ತದೆ” ಎಂದ ಅವನು, ಎಲೆಯಡಿಕೆಯ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತ.

ಓದಿದೆ. ‘ಶ್ರೀ ಮಾರ್ತಾಂಡರಾಯರ ದೂರದೃಷ್ಟಿಯ ಫಲವಾಗಿ ಈ ಶಿಖರದ ಮೇಲೆ ರೇಡಾರ್ ಕೇಂದ್ರವು ಸ್ಥಾಪನೆಗೊಂಡಿತು. ಯಂತ್ರದಲ್ಲಿ ಯಾವ ದೋಷವೂ, ಸ್ಥಳದಲ್ಲಿ ಯಾವ ಕೊರತೆಯೂ ಇಲ್ಲದಿರುವಲ್ಲಿ, ಕೇವಲ ನಿರ್ವಾಹಕಿಯ ಅಲಕ್ಷ್ಯದಿಂದ ಒಂದು ಲಾಂಚೂ ನಾಲ್ಕು ಜೀವಗಳೂ ಸಮುದ್ರದ ಪಾಲಾದವು. ಅವರ ನೆನಪಿಗಾಗಿ ಈ ಕಲ್ಲು.’

“ಎರಡನೇ ವಾಕ್ಯ ನಿಮ್ಮದೇ. ಹಳೇ ವಿಚಾರಣಾ ವರದಿಯಿಂದ ತೆಗೆದದ್ದು. ಇಂಥ ಕನ್ನಡ ಈಗ ಯಾರಿಗೆ ಬರ್ತದೆ ಹೇಳಿ?”

“ಚಂದ್ರಭಾಗಿ ಇನ್ನೂ ಬದುಕಿದ್ದಾಳೆ, ಧರಣಪ್ಪ.”

“ನಾವು ಹೆಸರು ಹಾಕ್ಲಿಲ್ಲವಲ್ಲ. ನಿರ್ವಾಹಕಿ ಅಂತ ಮಾತ್ರ.”

“ಈ ಊರಿನ ರೇಡಾರಿಗೆ ಎಷ್ಟು ಜನ ನಿರ್ವಾಹಕಿಯರಿದ್ದರು?”

ಅವನು ಅಡಿಕೆಯನ್ನು ಬಾಯಿಗೆ ಹಾಕಿಕೊಂಡ. ಇದ್ದದ್ದು ಒಬ್ಬಳೇ. ಅದು ಅವನಿಗೂ ಗೊತ್ತು, ಊರಿಗೂ ಗೊತ್ತು.

ಆ ಕಲ್ಲು ಏಳಬಾರದು, ಎದ್ದರೂ ಆ ವಾಕ್ಯವನ್ನು ಹೊತ್ತು ಏಳಬಾರದು ಎಂದು ನಾನು ಏಕೆ ಹಟ ಹಿಡಿದೆನೆಂಬುದನ್ನು ಹೇಳಬೇಕಾದರೆ ನಮ್ಮ ಊರಿನ ಗುಡ್ಡಗಳ ವಿಷಯ ಹೇಳಬೇಕು. ನಮ್ಮಲ್ಲಿ ಗುಡ್ಡಗಳು ನಡೆಯುತ್ತವೆ. ಎಲ್ಲವೂ ಒಂದೇ ವೇಗದಲ್ಲಲ್ಲ. ಸೋಮಾರಿಗುಡ್ಡ ನನ್ನ ಆಯುಸ್ಸಿನಲ್ಲಿ ಒಂದು ಮಾರು ಸರಿದಿದ್ದರೆ ಹೆಚ್ಚು. ಕುಂಟಜ್ಜ ಒಂದು ಬೇಸಗೆಯಲ್ಲಿ ಹೈಸ್ಕೂಲಿನ ಆಟದ ಬಯಲನ್ನು ದಾಟಿ ಹೋದದ್ದುಂಟು. ಆ ವರ್ಷ ಮಕ್ಕಳು ಇಳಿಜಾರಿನಲ್ಲೇ ಕಬಡ್ಡಿ ಆಡಿದರು. ಗುಡ್ಡದಾಚೆಗೆ ಕೊಟ್ಟ ಮಗಳು ಮೂರು ವರ್ಷದಲ್ಲಿ ಪಕ್ಕದ ಮನೆಯವಳಾಗುವುದೂ, ಪಕ್ಕದ ಮನೆಯವರೊಡನೆ ಜಗಳ ತೀರುವ ಮುಂಚೆಯೇ ನಡುವೆ ಗುಡ್ಡ ಬಂದು ನಿಲ್ಲುವುದೂ ನಮಗೆ ಹೊಸತಲ್ಲ. ಅಂಚೆಯವನು ಪತ್ರ ತೆಗೆದುಕೊಂಡು ಹೊರಡುವ ಮುನ್ನ “ತಾಯಿಗುಡ್ಡ ಇವತ್ತು ಎಲ್ಲಿದೆ?” ಎಂದು ಕೇಳಿಯೇ ಹೊರಡುತ್ತಾನೆ. ನಮ್ಮ ಊರಿಗೆ ನಕ್ಷೆ ಇಲ್ಲ. ರಾಜಧಾನಿಯಿಂದ ಬಂದ ಮೋಜಣಿದಾರನೊಬ್ಬ ಒಮ್ಮೆ ಬರೆದುಕೊಂಡು ಹೋದ. ಶಾಯಿ ಒಣಗುವುದರೊಳಗೆ ಅದು ಬೇರೆ ಯಾವುದೋ ಊರಿನ ನಕ್ಷೆಯಾಗಿತ್ತು. ರಾಜಧಾನಿಯವರು ಮಾತ್ರ ಅದನ್ನು ಇಂದಿಗೂ ಕಬ್ಬಿಣದ ಕಪಾಟಿನಲ್ಲಿಟ್ಟು ಪೂಜಿಸುತ್ತಿದ್ದಾರೆ.

ನಕ್ಷೆಗೆ ಬದಲಾಗಿ ನಮ್ಮಲ್ಲಿ ಗೂಟಗಳಿವೆ. ಗುಡ್ಡದ ಬೆನ್ನಿಗೆ ಯಾವ ಮನೆ ಇದೆಯೋ ಆ ಮನೆಯವರು ಪ್ರತಿ ಅಮಾವಾಸ್ಯೆ ಗುಡ್ಡದ ಎರಡು ಹಿಮ್ಮಡಿಗಳಲ್ಲಿ, ಎಡಕ್ಕೊಂದು ಬಲಕ್ಕೊಂದು, ಬೋಗಿಮರದ ಗೂಟ ಹೊಡೆಯಬೇಕು. ಬೋಗಿಮರ ಐವತ್ತು ವರ್ಷ ಮಣ್ಣಿನಲ್ಲಿದ್ದರೂ ಕೊಳೆಯುವುದಿಲ್ಲ. ಗೂಟ ಹೊಡೆದವರು ಅದರ ಪಕ್ಕದಲ್ಲಿ ನಿಂತು ತಮ್ಮ ಹೆಸರು ಹೇಳಿ, “ಗುಡ್ಡ ಇಲ್ಲಿತ್ತು, ಕಂಡೆ” ಎನ್ನಬೇಕು. ಎದುರಿಗೆ ನಿಂತ ಇನ್ನೊಬ್ಬರು “ಕೇಳಿದೆ” ಎನ್ನಬೇಕು. ಕೇಳಿದೆ ಎನ್ನುವವರಿಲ್ಲದಿದ್ದರೆ ಆ ಗೂಟ ಎಮ್ಮೆ ಕಟ್ಟುವುದಕ್ಕೆ ಮಾತ್ರ. ಇಷ್ಟೇ ನಮ್ಮ ಶಾಸ್ತ್ರ. ಗುಡ್ಡ ಮುಂದೆ ಹೋದಂತೆ ಹಿಂದೆ ಗೂಟಗಳ ಸಾಲು ಉಳಿಯುತ್ತದೆ. ಯಾವ ತಿಂಗಳು ಯಾವ ಗುಡ್ಡ ಎಲ್ಲಿತ್ತು, ಯಾವ ಕಡೆಗೆ ಮುಖ ಮಾಡಿತ್ತು ಎಂದು ತಿಳಿಯಲು ಆ ಸಾಲಿನ ಉದ್ದಕ್ಕೆ ನಡೆದು ಹೆಜ್ಜೆ ಎಣಿಸಿದರೆ ಸಾಕು.

ಇಂಥ ಊರಿಗೆ ರೇಡಾರ್ ಬಂತು. ಆಗ ಅದು ಹೊಸ ವಿದ್ಯೆ. ಕಡಲ ಕಡೆಯಿಂದ ದಟ್ಟ ಮಂಜು ಬಂದು ವಾರಗಟ್ಟಲೆ ಕೂರುವ ನಮ್ಮ ಕಡವಿನಲ್ಲಿ ಆಚೆದಡದ ಲಾಂಚಿಗೆ ದಾರಿ ತೋರಿಸುವುದು ಅದರ ಕೆಲಸ. ಕಾಣುವುದಕ್ಕೆ ಅದರ ಆಂಟೆನಾ ಹಗ್ಗದ ಮಂಚವನ್ನು ನೆಟ್ಟಗೆ ನಿಲ್ಲಿಸಿ ತಂತಿ ಬಿಗಿದಂತಿತ್ತು. ಹಾಗಾಗಿ ಊರೆಲ್ಲ ಅದನ್ನು ಮಂಚವೆಂದೇ ಕರೆಯಿತು. ಮಂಚವನ್ನು ಕೈಚಕ್ರದಿಂದ ತಿರುಗಿಸಬೇಕು. ಅದು ಕಾಣದ ಅಲೆಯನ್ನು ಕಳಿಸುತ್ತದೆ. ಅಲೆ ಏನಕ್ಕಾದರೂ ತಾಗಿ ಹಿಂತಿರುಗಿದರೆ ಒಳಗಿನ ಗಾಜಿನ ಮೇಲಿರುವ ಹಸಿರು ಗೆರೆಯಲ್ಲಿ ಒಂದು ಹಲ್ಲು ಮೂಡುತ್ತದೆ. ಹಲ್ಲು ಗೆರೆಯ ಮೇಲೆ ಎಲ್ಲಿದೆ ಎಂಬುದರಿಂದ ದೂರ ತಿಳಿಯುತ್ತದೆ. ಮಂಚದ ಬುಡದಲ್ಲಿ ಗುರುತು ಕೊರೆದ ದೊಡ್ಡ ಹಿತ್ತಾಳೆಯ ಬಳೆ. ಮಂಚ ಯಾವ ಗುರುತಿಗೆ ಮುಖ ಮಾಡಿದೆ ಎಂಬುದರಿಂದ ದಿಕ್ಕು ತಿಳಿಯುತ್ತದೆ. ಲಾಂಚು ತೆಂಕಕ್ಕೆ ಸರಿದಿದ್ದರೆ, ಬಡಗಕ್ಕೆ ತಿರುಗೆಂದು ಕಹಳೆಯ ಒಂದು ದೀರ್ಘ ಕೂಗು. ಬಡಗಕ್ಕೆ ಸರಿದಿದ್ದರೆ, ತೆಂಕಕ್ಕೆ ತಿರುಗೆಂದು ಎರಡು ಗಿಡ್ಡ ಕೂಗು. ಸರಿದಾರಿಯಲ್ಲಿದ್ದರೆ ಮೌನ.

ಯಂತ್ರದೊಡನೆ ಬಂದ ಇಂಜಿನಿಯರ್ ಒಂದು ವರ್ಷವಿದ್ದು ಕೆಲಸ ಕಲಿಸಿ ಹೋದ. ಕಲಿತವಳು ಚಂದ್ರಭಾಗಿ, ಉಪ್ಪಿನ ಕೋಠಿಯ ಕಾವಲುಗಾರನ ಮಗಳು, ಆಗ ಇಪ್ಪತ್ತೆರಡರ ವಯಸ್ಸು. ಮಂಚವನ್ನು ಎಲ್ಲಿ ನಿಲ್ಲಿಸಬೇಕೆಂದು ಇಂಜಿನಿಯರ್ ತಲೆ ಕೆರೆದುಕೊಳ್ಳುತ್ತಿದ್ದಾಗ ಅವಳೇ ಜಾಗ ತೋರಿಸಿದಳು: ಬಟ್ಟಲಬಯಲು. ಮುರಕಲ್ಲಿನ ನೆಲದಲ್ಲಿ ಸವೆದುಹೋದಂತಿರುವ ಆಳವಿಲ್ಲದ ತಗ್ಗು. ಸುತ್ತ ಒಂದೂವರೆ ಆಳಿನ ಅಂಚು. ಕಡಲ ಕಡೆಗೆ ಮಾತ್ರ ಅಂಚು ಒಡೆದು ಬಾಯಿ ತೆರೆದಿದೆ.

“ಅಲ್ಲಿ ಕೂತರೆ ಊರಿನ ಗಲಾಟೆ ಒಂಚೂರೂ ಕೇಳುದಿಲ್ಲ ಸಾರ್. ಸಮುದ್ರ ಮಾತ್ರ ಕೇಳ್ತದೆ. ಸಣ್ಣದಿರುವಾಗ ಅಮ್ಮ ಬೈದರೆ ನಾನು ಅಲ್ಲಿಗೇ ಓಡುದು” ಎಂದಿದ್ದಳಂತೆ.

ಇಂಜಿನಿಯರ್ ನಗಲಿಲ್ಲ. ಅವನು ಓದಿದವನಾದುದರಿಂದ ಅವಳ ಮಾತಿನ ಬೆಲೆ ಅವನಿಗೆ ತಿಳಿಯಿತು. ಕಣ್ಣಿನ ಹತ್ತಿರ ಹಿಡಿದ ಅಂಗೈ ದೂರದ ಮರವನ್ನು ಮರೆಮಾಡುವಂತೆ, ಹತ್ತಿರದ ಆ ಸಣ್ಣ ಅಂಚು ದೂರದ ದೊಡ್ಡ ಗುಡ್ಡಗಳನ್ನೆಲ್ಲ ಮರೆಮಾಡುತ್ತಿತ್ತು. ಗುಡ್ಡಗಳಿಂದ ಅಲೆ ಹಿಂತಿರುಗುತ್ತಿರಲಿಲ್ಲ. ಹಸಿರು ಗೆರೆ ಗುಡಿಸಿಟ್ಟ ಅಂಗಳದಂತೆ ಶುಭ್ರವಾಗಿರುತ್ತಿತ್ತು. ಹನ್ನೊಂದು ಮೈಲಿಗಿಂತ ಆಚೆ ಕಾಣುತ್ತಿರಲಿಲ್ಲ, ನಿಜ. ಆದರೆ ಕಡವಿನ ಅಗಲವೇ ಏಳು ಮೈಲಿ. ಮೇಲಾಗಿ, ತಗ್ಗಿಗೆ ಕಾಲಿಲ್ಲ. ಬಟ್ಟಲಬಯಲು ಎಂದೂ ನಡೆದದ್ದಿಲ್ಲ. ಕಡವಿನ ಬಡಗಣ ಅಂಚಿನಲ್ಲಿ ನೀರಿನಿಂದ ಎದ್ದಿರುವ ಒಂಟಿಕಲ್ಲೂ ನಡೆಯುವುದಿಲ್ಲ. ಚಂದ್ರಭಾಗಿ ದಿನವೂ ಮುಂಜಾನೆ ಮೊದಲು ಮಂಚವನ್ನು ಒಂಟಿಕಲ್ಲಿಗೆ ತಿರುಗಿಸಿ, ಅದರ ಹಲ್ಲು ಬಳೆಯ ಸರಿಯಾದ ಗುರುತಿನಲ್ಲಿ ಮೂಡಿತೆಂದು ನೋಡಿ, ಕೈಮುಗಿದು, ಆಮೇಲೆ ಲಾಂಚಿನ ಕಡೆಗೆ ತಿರುಗುತ್ತಿದ್ದಳು. ಆರು ವರ್ಷ ಹಾಗೆ ನಡೆಯಿತು. ಆರು ವರ್ಷದಲ್ಲಿ ಲಾಂಚಿನ ಬಣ್ಣ ಕೂಡ ಯಾವ ಕಲ್ಲಿಗೂ ತಾಗಲಿಲ್ಲ. ಲಾಂಚು ನಡೆಸುತ್ತಿದ್ದ ಹಸನಬ್ಬ ಹೇಳುತ್ತಿದ್ದ: “ಮಂಜಿನಲ್ಲಿ ನನಗೆ ಕಣ್ಣು ಬೇಡ ಐತಾಳರೇ. ಭಾಗಿಯ ಕಹಳೆ ಕೇಳಿದರೆ ನಿದ್ದೆಯಲ್ಲೂ ದಡ ಮುಟ್ಟುತ್ತೇನೆ.” ಕೇಂದ್ರದ ಗುಮಾಸ್ತನಾಗಿದ್ದ ನಾನು ಆ ಮಾತನ್ನು ದಿನಚರಿಯಲ್ಲಿ ಬರೆಯಲಿಲ್ಲ, ಬರೆಯಬಹುದಾಗಿತ್ತು.

ಏಳನೆಯ ವರ್ಷ ರಾಜಧಾನಿಯಿಂದ ಮಾರ್ತಾಂಡರಾಯರು ಅಧಿಕಾರಿಗಳಾಗಿ ಬಂದರು. ಬಟ್ಟಲಬಯಲಿನ ಅಂಚಿನಲ್ಲಿ ನಿಂತು, ಕೆಳಗೆ ಇಣುಕಿ, “ಏನ್ರೀ ಇದು, ಬಾವೀಲಿ ಕೂತ್ಕೊಂಡು ಯಾರಾದ್ರೂ ದೂರ ನೋಡ್ತಾರೇನ್ರಿ?” ಎಂದರು. ಅವರ ಕೈಯಲ್ಲಿ ಆ ನಕ್ಷೆ ಇತ್ತು. ನಕ್ಷೆಯಲ್ಲಿ ಎಲ್ಲಕ್ಕಿಂತ ಎತ್ತರದ್ದೆಂದು ಬರೆದಿದ್ದ ತಾಯಿಗುಡ್ಡದ ನೆತ್ತಿಗೆ ಬೆರಳಿಟ್ಟರು.

“ಸಾರ್, ಅದು ನಡೆಯುವ ಗುಡ್ಡ” ಎಂದಳು ಚಂದ್ರಭಾಗಿ.

ರಾಯರು ನನ್ನ ಕಡೆಗೆ ತಿರುಗಿದರು. “ಏನಂತಾರೆ ಇವರು?”

ನಾನು ಏನೆಂದೆ? “ಊರವರ ನಂಬಿಕೆ ಸ್ವಾಮಿ” ಎಂದೆ. ಹುಟ್ಟಿದಂದಿನಿಂದ ಗುಡ್ಡಗಳಿಗೆ ದಾರಿ ಬಿಟ್ಟುಕೊಟ್ಟು ನಡೆದ ನಾನು, ಇಸ್ತ್ರಿ ಮಾಡಿದ ಕೋಟಿನ ಮುಂದೆ ಹಾಗೆಂದೆ. ನನ್ನೊಬ್ಬನನ್ನೇ ಏಕೆ ಹೇಳಲಿ? ಆ ತಲೆಮಾರಿನಲ್ಲಿ ಊರಿಗೆ ಊರೇ ಹಾಗಿತ್ತು. ಹೊರಗಿನವರು ಬಂದರೆಂದರೆ ನಮ್ಮ ಗುಡ್ಡಗಳ ನಡಿಗೆಯನ್ನು ಮನೆಯ ಹುಚ್ಚನನ್ನು ಒಳಕೋಣೆಗೆ ತಳ್ಳುವಂತೆ ಮುಚ್ಚಿಡುತ್ತಿದ್ದೆವು.

ಭಾದ್ರಪದದಲ್ಲಿ ಮಂಚ ತಾಯಿಗುಡ್ಡದ ನೆತ್ತಿಗೇರಿತು. ಉದ್ಘಾಟನೆಯ ದಿನ ನಲವತ್ತು ಮೈಲಿ ದೂರದ ಹಡಗೊಂದರ ಹಲ್ಲು ಗಾಜಿನ ಮೇಲೆ ಮೂಡಿದಾಗ ಗಣ್ಯರೆಲ್ಲ ಚಪ್ಪಾಳೆ ತಟ್ಟಿದರು. ನಲವತ್ತು ಮೈಲಿ ದೂರದ ಆ ಹಡಗಿಗೆ ನಮ್ಮಿಂದ ಏನೂ ಆಗಬೇಕಾಗಿರಲಿಲ್ಲ. ನಮಗೂ ಅದರಿಂದ ಏನೂ ಆಗಬೇಕಾಗಿರಲಿಲ್ಲ. ಹತ್ತಿರದ ಏಳು ಮೈಲಿಯ ಗತಿ ಏನಾಯಿತೆಂದು ಯಾರೂ ನೋಡಲಿಲ್ಲ. ನೆತ್ತಿಯ ಮೇಲೆ ಮರೆಯೆಂಬುದೇ ಇಲ್ಲ. ಸುತ್ತಲಿನ ಗುಡ್ಡಗಳೆಲ್ಲ ಮಂಚಕ್ಕೆ ಕಾಣಿಸುತ್ತಿದ್ದವು. ಮಂಚ ಕಡಲಿಗೆ ಮುಖ ಮಾಡಿದ್ದರೂ ಅದರ ಬೆನ್ನಿನಿಂದ, ಮಗ್ಗುಲಿನಿಂದ ಸೋರಿದ ಅಲೆಗಳು ಗುಡ್ಡಗಳಿಗೆ ತಾಗಿ ಬಂದು ಹಸಿರು ಗೆರೆಯ ಮೊದಲರ್ಧವನ್ನು ದಪ್ಪ ದಪ್ಪ ಹಲ್ಲುಗಳಿಂದ ತುಂಬಿದವು. ಲಾಂಚಿನ ಹಲ್ಲು ನಡುಗುತ್ತದೆ. ಅದನ್ನು ಚಂದ್ರಭಾಗಿ ಹೇಗೋ ಹುಡುಕಿ ಹಿಡಿಯುತ್ತಿದ್ದಳು. ಒಂಟಿಕಲ್ಲಿನದು ನಡುಗುವುದಿಲ್ಲ. ಅದು ಗುಡ್ಡಗಳ ಹಲ್ಲಿನ ಹಿಂಡಿನಲ್ಲಿ ಕಳೆದೇಹೋಯಿತು. ದಿಕ್ಕನ್ನು ತಾಳೆ ನೋಡಲು ಇದ್ದ ಒಂದೇ ಕಲ್ಲು ಹೋಯಿತು.

ಹಿತ್ತಾಳೆಯ ಬಳೆಯನ್ನು ಉದ್ಘಾಟನೆಯ ದಿನವೇ ಗುಡ್ಡದ ಬಂಡೆಗೆ ಬಿಗಿದು, ಯಾರೂ ಮುಟ್ಟದಂತೆ ರಾಯರು ಅದರ ತಿರುಪುಗಳ ಮೇಲೆ ತಮ್ಮ ಉಂಗುರ ಒತ್ತಿ ಅರಗಿನ ಮುದ್ರೆ ಹಾಕಿದ್ದರು. ಆ ಚಳಿಗಾಲದಲ್ಲಿ ತಾಯಿಗುಡ್ಡ ನಡೆದಷ್ಟು ಎಂದೂ ನಡೆದಿರಲಿಲ್ಲ. ಮಂಚದ ಭಾರಕ್ಕೆ ಮಗ್ಗುಲು ಬದಲಿಸುತ್ತಿದ್ದಾಳೆ ಎಂದರು ಜನ. ನಡೆದದ್ದು ಮಾತ್ರವಲ್ಲ, ತಿರುಗಿತು; ಗುಡ್ಡದೊಡನೆ ಬಳೆಯೂ ತಿರುಗಿತು. ಆಕಾಶ ತಿಳಿಯಾಗಿದ್ದ ದಿನ ಚಂದ್ರಭಾಗಿ ಕಣ್ಣಳತೆಯಲ್ಲೇ ಅದನ್ನು ಗುರುತಿಸಿ, ಮುದ್ರೆ ಒಡೆದು ಬಳೆಯನ್ನು ಸರಿಪಡಿಸಲು ಅಪ್ಪಣೆ ಬೇಡಿದಳು. ಮೂರು ಸಲ ಬೇಡಿದಳು. ಮೂರು ಅರ್ಜಿಗಳನ್ನೂ ನಾನೇ ಬರೆದುಕೊಟ್ಟೆ. ಮೂರಕ್ಕೂ ರಾಯರು ಒಂದೇ ಷರಾ ಬರೆದರು: ‘ಗುಡ್ಡ ಸ್ಥಿರ.’

ಪುಷ್ಯದಲ್ಲಿ ಮಂಜು ಬಂತು. ಹತ್ತು ದಿನ ಕಡಲೇ ಕಾಣಲಿಲ್ಲ. ಹನ್ನೊಂದನೆಯ ದಿನ, ಬೆಳಿಗ್ಗೆ ಒಂಬತ್ತರ ಹೊತ್ತಿಗೆ, ಆಚೆದಡದಿಂದ ಲಾಂಚು ಹೊರಟಿತು. ಅಂದು ರಾಯರು ತನಿಖೆಗೆಂದು ಬಂದು ಚಂದ್ರಭಾಗಿಯ ಕುರ್ಚಿಯ ಹಿಂದೆಯೇ ನಿಂತಿದ್ದರು. ನಾನು ಮೂಲೆಯ ಮೇಜಿನಲ್ಲಿ ದಿನಚರಿ ಬರೆಯುತ್ತಿದ್ದೆ.

“ತೆಂಕಕ್ಕೆ ಹೋಗ್ತಿದೆಯಲ್ಲಮ್ಮ ಲಾಂಚು. ಕಹಳೆ ಯಾಕೆ ಊದ್ತಿಲ್ಲ?” ಎಂದರು ರಾಯರು ಬಳೆಯನ್ನು ನೋಡಿ.

“ಅದು ಸರಿದಾರಿಯಲ್ಲೇ ಉಂಟು ಸಾರ್. ಗುಡ್ಡ ತಿರುಗಿದೆ. ಬಳೆ ಸುಳ್ಳು ಹೇಳ್ತದೆ.”

“ಎಷ್ಟು ತಿರುಗಿದೆ?”

ಅವಳು ತಡವರಿಸಿದಳು. ಹತ್ತು ದಿನದಿಂದ ಕಲ್ಲು ಕಂಡಿಲ್ಲ. ಗುಡ್ಡ ಎಷ್ಟು ತಿರುಗಿದೆಯೆಂದು ಯಾರು ಹೇಳಬಲ್ಲರು? “ಎಂಟೋ ಒಂಬತ್ತೋ ಡಿಗ್ರಿ ಇರಬಹುದು ಸಾರ್.”

“ಇರಬಹುದು! ಇರಬಹುದು ಅಂತ ಲಾಂಚು ನಡೆಸ್ತೀಯಾ? ಬಳೆ ಏನು ಹೇಳುತ್ತೋ ಅದನ್ನ ಊದು.”

ಅವಳು ನನ್ನ ಕಡೆಗೆ ನೋಡಿದಳು. ನಾನು ದಿನಚರಿಯ ಕಡೆಗೆ ನೋಡಿದೆ. ಕಹಳೆಯ ಸರಪಳಿ ಎಳೆದದ್ದು ಅವಳ ಕೈಯೇ. ಒಂದು ದೀರ್ಘ ಕೂಗು. ಮಂಜಿನೊಳಗಿಂದ ಹಸನಬ್ಬನ ಗಂಟೆ ಒಪ್ಪಿಗೆಯ ಎರಡು ಬಡಿತ ಬಡಿಯಿತು. ಭಾಗಿಯ ಕಹಳೆ ಕೇಳಿದರೆ ಕಣ್ಣು ಬೇಡವೆಂದವನು ಅವನು. ಸರಿದಾರಿಯಲ್ಲಿದ್ದ ಲಾಂಚನ್ನು ಬಡಗಕ್ಕೆ ತಿರುಗಿಸಿದ; ಬಡಗಕ್ಕೆ ಇದ್ದದ್ದು ಒಂಟಿಕಲ್ಲು. ಹದಿನೆಂಟು ಜನರಲ್ಲಿ ಹದಿನಾಲ್ಕು ಜನ ಈಜಿ ಬಂದರು. ಹಸನಬ್ಬ ಬರಲಿಲ್ಲ.

ಮರುದಿನ ಅಮಾವಾಸ್ಯೆ. ನಾನು ತಾಯಿಗುಡ್ಡದ ಹಿಮ್ಮಡಿಗೆ ಹೋದೆ. ಅದರ ಬೆನ್ನಿಗೆ ಇದ್ದದ್ದು ಹಸನಬ್ಬನದೇ ಮನೆ; ಗೂಟ ಹೊಡೆಯುತ್ತಿದ್ದವಳು ಅವನ ಹೆಂಡತಿ ಬೀಫಾತುಮ್ಮ. ಒಳಗೆ ಅಳು ಕೇಳುತ್ತಿತ್ತು, ನಾನು ಕರೆಯಲಿಲ್ಲ. ಹಿತ್ತಿಲಿನಲ್ಲಿ ನಡೆದು ಎಣಿಸಿದೆ. ಭಾದ್ರಪದದ ಗೂಟದಿಂದ ಈಚೆಗೆ ಎಡಹಿಮ್ಮಡಿ ಹದಿನೇಳು ಹೆಜ್ಜೆ ಮುಂದೆ ಹೋಗಿತ್ತು. ಬಲಹಿಮ್ಮಡಿ ಐದೇ ಹೆಜ್ಜೆ. ಎರಡು ಹಿಮ್ಮಡಿಗಳ ನಡುವೆ ಎಂಬತ್ತು ಹೆಜ್ಜೆ. ಲೆಕ್ಕ ಬಲ್ಲ ಯಾವ ಹೈಸ್ಕೂಲಿನ ಹುಡುಗಿಯೂ ಹೇಳುತ್ತಾಳೆ: ಗುಡ್ಡ ಎಂಟೂವರೆ ಡಿಗ್ರಿಗಿಂತ ತುಸು ಹೆಚ್ಚು ಬಲಕ್ಕೆ ತಿರುಗಿದೆ. ಚಂದ್ರಭಾಗಿ ‘ಎಂಟೋ ಒಂಬತ್ತೋ’ ಎಂದಿದ್ದಳು.

ಹದಿನೈದು ದಿನದ ಮೇಲೆ ರಾಜಧಾನಿಯಿಂದ ಮೂವರು ಬಂದು ವಿಚಾರಣೆ ನಡೆಸಿದರು. ಮೇಜಿನ ಮೇಲೆ ನಕ್ಷೆ ಹರಡಿದ್ದರು. “ಗುಡ್ಡ ತಿರುಗಿತು ಅನ್ನೋದು ನಿಮ್ಮ ಹೇಳಿಕೆಯೇನಮ್ಮ?” ಎಂದು ಒಬ್ಬರು ನಗು ತಡೆದುಕೊಂಡು ಕೇಳಿದರು. ಹೌದೆಂದಳು. ಊರಿನ ಹಿರಿಯರನ್ನು ಕರೆದು ಕೇಳಿದರು. ಆರು ಜನ ಹಿರಿಯರು, ಆರು ಜನರ ಮನೆಗಳೂ ಗುಡ್ಡಗಳಿಗೆ ಜಾಗ ಬಿಟ್ಟು ಎರಡೆರಡು ಸಲ ಎದ್ದು ಕುಳಿತವು. ಆರು ಜನರೂ “ಹಾಗೆಂತದ್ದೂ ಇಲ್ಲ ಸ್ವಾಮಿ” ಎಂದರು. ಬೀಫಾತುಮ್ಮ ಗಂಡ ತೀರಿದವರು ಹಿಡಿಯುವ ಇದ್ದತ್ತಿನಲ್ಲಿದ್ದಳು, ಮನೆಯಿಂದ ಹೊರಗೆ ಬರುವಂತಿರಲಿಲ್ಲ. ಅಲ್ಲಿಗೆ ಹೋಗಿ ಕೇಳಬೇಕೆಂದು ಯಾರಿಗೂ ತೋಚಲಿಲ್ಲ. ವರದಿ ಬರೆಯುವ ಕೆಲಸ ನನ್ನದಾಯಿತು. ಗೂಟದ ವಿಷಯ ಒಂದು ಸಾಲು ಬರೆಯಲೇ ಎಂದು ರಾಯರನ್ನು ಕೇಳಿದೆ; ಕೇಳಿದೆನೆಂಬುದೊಂದೇ ನನ್ನ ಪಾಲಿನ ಪುಣ್ಯ. “ಐತಾಳರೇ, ಗೂಟ ಎಣಿಸೋ ಗುಮಾಸ್ತರು ಬೇರೆ ಕಡೆ ಸಿಗ್ತಾರೆ. ನಿಮ್ಮಂಥ ಕನ್ನಡ ಬರೆಯೋರು ಸಿಗಲ್ಲ” ಎಂದರು. ಬೆದರಿಕೆಯೂ ಹೊಗಳಿಕೆಯೂ ಒಂದೇ ಉಸಿರಿನಲ್ಲಿ ಬಂದರೆ ಮನುಷ್ಯ ಹೊಗಳಿಕೆಯನ್ನೇ ಕೇಳಿಸಿಕೊಳ್ಳುತ್ತಾನೆ. ಆ ವಾಕ್ಯವನ್ನು ನಾಲ್ಕು ಸಲ ತಿದ್ದಿ ಬರೆದೆ. ಯಂತ್ರದಲ್ಲಿ ಯಾವ ದೋಷವೂ, ಸ್ಥಳದಲ್ಲಿ ಯಾವ ಕೊರತೆಯೂ ಇಲ್ಲದಿರುವಲ್ಲಿ. ಎಷ್ಟು ಹದವಾಗಿ ಕೂತಿದೆ! ಅಷ್ಟು ಹದವಾಗಿ ಕೂತದ್ದರಿಂದಲೇ ಮೂವತ್ತೊಂದು ವರ್ಷದ ಮೇಲೆ ಅದನ್ನು ಕಲ್ಲಿನಲ್ಲಿ ಕೆತ್ತಲು ಹೊರಟರು.

ಚಂದ್ರಭಾಗಿಯ ಕೆಲಸ ಹೋಯಿತು. ಅವಳು ಆಚೆದಡಕ್ಕೆ ಹೋದಳು, ಮತ್ತೆ ಈ ಕಡೆಗೆ ಬರಲಿಲ್ಲ. ತಾಯಿಗುಡ್ಡ ಆ ವರ್ಷದ ನಡಿಗೆಗೆ ದಣಿದಂತೆ ಕುಳಿತುಬಿಟ್ಟಿತು. ಈಗ ವರ್ಷಕ್ಕೆ ಒಂದು ಮೊಳ ಸರಿದರೆ ಹೆಚ್ಚು. ಯಂತ್ರ ತುಕ್ಕು ಹಿಡಿದು ಗುಜರಿಗೆ ಹೋಯಿತು. ರಾಯರು ದೊಡ್ಡ ಹುದ್ದೆಗೆ ಏರಿ, ನಿವೃತ್ತರಾಗಿ, ತೀರಿಕೊಂಡರು. ಅವರ ಎಪ್ಪತ್ತೈದನೆಯ ಜನ್ಮದಿನಕ್ಕೆ ಗುಡ್ಡದ ಹೆಸರನ್ನು ಮಾರ್ತಾಂಡ ಶಿಖರವೆಂದು ಬದಲಿಸಿ ಕಲ್ಲು ನೆಡುವುದು ಧರಣಪ್ಪನ ಯೋಜನೆ. ತಾಯಿಯ ಹೆಸರನ್ನೂ ಬಿಡಲಿಲ್ಲ ಇವರು!

ಕರಡನ್ನು ಓದಿ ವಾರ ಕಳೆದ ಮೇಲೆ ನಾನು ಲಾಂಚು ಹತ್ತಿದೆ. ಆಚೆದಡದ ಪೇಟೆಯಲ್ಲಿ ಚಂದ್ರಭಾಗಿಯದು ಹಿಟ್ಟಿನ ಗಿರಣಿ. ಬೆಲ್ಟು ತಿರುಗುತ್ತಿತ್ತು, ಅವಳ ಹುಬ್ಬು, ರೆಪ್ಪೆಗಳೆಲ್ಲ ರಾಗಿಹಿಟ್ಟು. ನನ್ನನ್ನು ನೋಡಿ ಗಿರಣಿ ನಿಲ್ಲಿಸಲಿಲ್ಲ.

“ಎಂತ ಐತಾಳ್ರೆ, ಅಕ್ಕಿಯಾ ಗೋಧಿಯಾ?”

“ಕಲ್ಲು ನೆಡುತ್ತಾರಂತೆ, ಭಾಗಿ. ಆ ವಾಕ್ಯ ಹಾಕಿ.”

“ಗೊತ್ತುಂಟು. ಬೀಫಾತುಮ್ಮ ಹೇಳಿಕಳಿಸಿದ್ದಳು.”

“ನೀನು ಬರಬೇಕು. ಬಂದು ಹೇಳಬೇಕು. ಇದು ಅನ್ಯಾಯ. ಊರಿನ ಬಾಯಿಗೆ ಬೀಗ ಬಿದ್ದಿದೆ, ಒಬ್ಬನಿಗೂ ನಾಚಿಕೆಯಿಲ್ಲ—”

ಅವಳು ಸ್ವಿಚ್ಚು ಆರಿಸಿದಳು. ಬೆಲ್ಟು ನಿಧಾನವಾಗಿ ನಿಂತಿತು. ಆ ಮೌನದಲ್ಲಿ ನನ್ನ ಧ್ವನಿ ಅಗತ್ಯಕ್ಕಿಂತ ಎತ್ತರವಾಗಿದ್ದುದು ನನಗೇ ಕೇಳಿಸಿತು.

“ಒಂದು ಮಾತು ಕೇಳ್ತೇನೆ” ಎಂದಳು. “ನೀವು ಆವಾಗ ಗೂಟ ಎಣಿಸಿದ್ರಾ?”

ಆ ಪ್ರಶ್ನೆಯನ್ನು ಮೂವತ್ತೊಂದು ವರ್ಷ ಯಾರೂ ಕೇಳಿರಲಿಲ್ಲ.

“ಎಣಿಸಿದ್ದೆ.”

“ವರದಿಗೆ ಮೊದಲಾ, ಆಮೇಲಾ?”

“ಮೊದಲು.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ನನಗೆ ಅದೊಂದು ಗೊತ್ತಿರಲಿಲ್ಲ. ಊರು ಬಿಡುವ ಮುಂಚೆ ನಾನೂ ಎಣಿಸಿದ್ದೆ. ಎಣಿಸಿದ ಮೇಲೂ ಒಮ್ಮೊಮ್ಮೆ ಅನ್ನಿಸ್ತಿತ್ತು, ನನ್ನ ಎಣಿಕೆಯೇ ತಪ್ಪೋ ಏನೋ ಅಂತ. ಸರಪಳಿ ಎಳೆದದ್ದು ನನ್ನ ಕೈ, ಅದು ನನ್ನ ಹತ್ರ ಇರ್ತದೆ, ಅದನ್ನು ನೀವು ಒರೆಸ್ಲಿಕ್ಕೆ ಆಗುದಿಲ್ಲ. ಆದರೆ ಐತಾಳ್ರೆ, ಎಣಿಸಿದವರು ನೀವು, ಬರೆದವರು ನೀವು. ನಾನು ಬಂದು ಎಂತ ಹೇಳುದು? ಸಿಟ್ಟು ಮಾಡ್ಲಿಕ್ಕೆ ಇಷ್ಟು ದೂರ ಲಾಂಚಿನಲ್ಲಿ ಬಂದ್ರಲ್ಲ, ಹಿಮ್ಮಡಿ ನಿಮ್ಮ ಮನೆಯಿಂದ ಎಷ್ಟು ದೂರ?”

ಗಿರಣಿ ಮತ್ತೆ ಶುರುವಾಯಿತು. ಯಾರಿಗೂ ಹೆದರದೆ ಇಷ್ಟು ದಿನ ಊರನ್ನೆಲ್ಲ ಬೈದು ತಿರುಗಿದ ನನಗೆ ಆ ಸದ್ದಿನೊಳಗೆ ನಿಲ್ಲುವುದು ಕಷ್ಟವಾಯಿತು. ಹಿಂತಿರುಗಿ ಬಂದೆ.

ಕಲ್ಲಿನ ಸಮಾರಂಭ ಅಮಾವಾಸ್ಯೆಯ ದಿನ ಬೆಳಿಗ್ಗೆ ಹತ್ತಕ್ಕೆ. ಧರಣಪ್ಪ ನನಗೆ ಶಾಲು ಹೊದೆಸುವುದಾಗಿಯೂ, ಎರಡು ಮಾತಾಡಬೇಕೆಂದೂ ಆಹ್ವಾನಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದ. ನೆತ್ತಿಯ ಮೇಲೆ ಶಾಮಿಯಾನ, ಕುರ್ಚಿ, ಮೈಕು. ಕಲ್ಲಿನ ಮೇಲೊಂದು ಬಾಣದ ಗುರುತನ್ನೂ ಕೆತ್ತಿಸಿದ್ದರು: ‘ದುರಂತ ಸಂಭವಿಸಿದ ಒಂಟಿಕಲ್ಲು ಈ ದಿಕ್ಕಿನಲ್ಲಿ.’ ನಕ್ಷೆ ನೋಡಿ ಕೆತ್ತಿದ ಆ ಬಾಣ ಒಂಟಿಕಲ್ಲನ್ನು ಬಿಟ್ಟು ಮೀನು ಒಣಗಿಸುವ ಕಣವನ್ನು ತೋರಿಸುತ್ತಿತ್ತು. ಎಲ್ಲರೂ ಅದನ್ನು ಕಂಡರು, ಎಲ್ಲರೂ ಕಡಲಿನ ಕಡೆಗೆ ನೋಡಿ ಸುಮ್ಮನಾದರು.

ಶಾಲನ್ನು ಮಡಚಿ ಕುರ್ಚಿಯ ಮೇಲಿಟ್ಟು ನಾನು ಮೈಕಿನ ಮುಂದೆ ನಿಂತೆ. “ನನ್ನ ಎರಡು ಮಾತನ್ನು ಇಲ್ಲಿ ಆಡಲಾರೆ. ಅದನ್ನಾಡುವ ಜಾಗ ಕೆಳಗಿದೆ. ಕೇಳಬೇಕೆಂದಿರುವವರು ಇಳಿದು ಬನ್ನಿ” ಎಂದು ಹೇಳಿ, ಕೋಲೂರಿಕೊಂಡು ಇಳಿಯತೊಡಗಿದೆ.

“ಅಜ್ಜಾರೇ, ಎಲ್ಲಿಗೆ? ಮಂತ್ರಿಗಳು ಬರುವ ಹೊತ್ತಾಯ್ತು ಮಾರಾಯ್ರೆ!” ಎಂದು ಧರಣಪ್ಪ ಹಿಂದಿನಿಂದ ಕೂಗಿದ. ಎಂಬತ್ತೊಂದು ವರ್ಷದ ಮುದುಕ ಕಡಿದಾದ ಗುಡ್ಡ ಇಳಿಯುವಾಗ 'ಬಿದ್ದರೆ?' ಎಂಬ ಹೆದರಿಕೆಗಾದರೂ ಜನ ಹಿಂದೆ ಬರುತ್ತಾರೆ. ಬಂದರು. ಅರ್ಧ ಶಾಮಿಯಾನ ಖಾಲಿಯಾಯಿತು.

ಹಿಮ್ಮಡಿಯಲ್ಲಿ ಬೀಫಾತುಮ್ಮ ಆ ಅಮಾವಾಸ್ಯೆಯ ಗೂಟ ಹಿಡಿದು ಕಾಯುತ್ತಿದ್ದಳು. ಬೆನ್ನು ಬಾಗಿದೆ, ಕೊಡತಿ ಎತ್ತುವ ಕೈ ಬಾಗಿಲ್ಲ. ಮೂವತ್ತೊಂದು ವರ್ಷದ ಹಿಂದಿನ ಆ ಪುಷ್ಯದ ಗೂಟ ಅವಳ ಹಿತ್ತಿಲ ಬೇಲಿಯ ಪಕ್ಕದಲ್ಲೇ ಕರ್ರಗೆ ನಿಂತಿತ್ತು.

“ಇದನ್ನು ನಾನು ಹೊಡೆದದ್ದು ಐತಾಳರೇ, ಇದ್ದತ್ತಿನಲ್ಲಿ” ಎಂದಳು. “ಅಳುತ್ತಾ ಹೊಡೆದೆ. ಕೇಳಿದೆ ಅನ್ನುವವ ಕಡಲಲ್ಲಿದ್ದ. ಹಾಗಾಗಿ ಇದು ಇವತ್ತಿನವರೆಗೂ ಎಮ್ಮೆಯ ಗೂಟವೇ.”

“ಎಡಗಡೆ ಎಣಿಸಿ” ಎಂದೆ, ಬಂದವರಿಗೆ. ಮೊದಲು ಯಾರೂ ಕದಲಲಿಲ್ಲ. ಆಮೇಲೆ ಮೀನಿನ ಕಣದ ಇಬ್ಬರು ಹೆಂಗಸರು ಸೀರೆ ಎತ್ತಿ ಕಟ್ಟಿ ಭಾದ್ರಪದದ ಗೂಟದಿಂದ ಪುಷ್ಯದ ಗೂಟಕ್ಕೆ ನಡೆದರು. ಒಂದು, ಎರಡು ಎಂದು ಆರಂಭವಾದ ಎಣಿಕೆಗೆ ಹತ್ತರ ಹೊತ್ತಿಗೆ ಗುಂಪಿನಿಂದ ದನಿಗಳು ಕೂಡಿದವು. ಹದಿನೇಳಕ್ಕೆ ನಿಂತಿತು. ಬಲಗಡೆ ಐದಕ್ಕೆ ನಿಂತಿತು. ಹಿಂದೆಯೇ ಇಳಿದು ಬಂದಿದ್ದ ಧರಣಪ್ಪ ಬಗ್ಗಿ ಆ ಐದನೆಯ ಹೆಜ್ಜೆಯ ಗೂಟವನ್ನು ಮುಟ್ಟಿ ನೋಡಿದ. ಅವನ ಅಪ್ಪ ಆ ಆರು ಜನ ಹಿರಿಯರಲ್ಲಿ ಒಬ್ಬ.

ನಾನು ಪುಷ್ಯದ ಗೂಟದ ಪಕ್ಕದಲ್ಲಿ ನಿಂತೆ. ಮನಸ್ಸಿನಲ್ಲಿ ಬಹಳ ದಿನದಿಂದ ಕಟ್ಟಿಟ್ಟ ದೀರ್ಘವಾದ ಖಂಡನೆಯೊಂದಿತ್ತು: ರಾಯರ ಮುದ್ರೆ, ನಕ್ಷೆಯ ಪೂಜೆ, ಊರಿನ ಹೇಡಿತನ, ಎಲ್ಲವೂ ಅದರಲ್ಲಿದ್ದವು. ಆದರೆ ಗೂಟದ ಪಕ್ಕದಲ್ಲಿ ನಿಂತವನಿಗೆ ಶಾಸ್ತ್ರ ಬಿಟ್ಟುಕೊಡುವುದು ನಾಲ್ಕೈದು ಮಾತುಗಳನ್ನಷ್ಟೆ.

“ನಾನು ಐತಾಳರ ನರಹರಿ. ಗುಡ್ಡ ಇಲ್ಲಿತ್ತು. ಕಂಡೆ.”

“ಕೇಳಿದೆ” ಎಂದಳು ಬೀಫಾತುಮ್ಮ. ಮೀನಿನ ಕಣದ ಹೆಂಗಸರು ಅಂದರು. ಇನ್ನೂ ಕೆಲವರು ಅಂದರು.

“ನನಗೆ ಕೇಳ್ಲಿಲ್ಲ.”

ಗುಂಪಿನ ಹಿಂದಿನಿಂದ ಬಂದ ದನಿ. ಜನ ಸರಿದು ದಾರಿ ಬಿಟ್ಟರು, ಗುಡ್ಡಕ್ಕೆ ಬಿಡುವಂತೆ. ಚಂದ್ರಭಾಗಿ ಬೇಲಿಯ ಹೊರಗೆ, ದಣಪೆಯ ಮೇಲೆ ಕೈಯೂರಿ ನಿಂತಿದ್ದಳು. ಕೂದಲಿನ ಬೈತಲೆಯಲ್ಲಿ ಇನ್ನೂ ಹಿಟ್ಟಿತ್ತು. ಬೆಳಗಿನ ಲಾಂಚಿನಲ್ಲೇ ಬಂದಿದ್ದಿರಬೇಕು, ಮೇಲೆ ಹತ್ತಿರಲಿಲ್ಲ.

“ಗಿರಣಿ ನಡೆಸಿ ನಡೆಸಿ ಕಿವಿ ಹೋಗಿದೆ ಐತಾಳ್ರೆ” ಎಂದಳು, ನಗದೆ. “ಇನ್ನೊಂದು ಸಲ. ಜೋರಾಗಿ. ಮೇಲೆ ಕಲ್ಲಿನ ಹತ್ರ ಕೂತವರಿಗೂ ಕೇಳ್ಬೇಕು.”

ನಾನು ಕೋಲನ್ನು ಬೀಫಾತುಮ್ಮನ ಕೈಗೆ ಕೊಟ್ಟೆ. ಮುಖವನ್ನು ನೆತ್ತಿಯ ಕಡೆಗೆ ಎತ್ತಿ, ಎದೆ ತುಂಬ ಉಸಿರು ತುಂಬಿಕೊಂಡು, ಮೂವತ್ತೊಂದು ವರ್ಷ ತಡವಾಗಿ, ಮೊದಲಿನಿಂದ ಹೇಳತೊಡಗಿದೆ.